ದೊಡ್ಡ ಅಡ್ವೆಂಚರ್ ಬೈಕ್: ಎಚ್‌ಪಿ ಬಿಡಿ, ತೂಕ ನೋಡಿ

ಪ್ರಶ್ನೆ: ಹಲವು ವರ್ಷಗಳಿಂದ 400 ಸಿಸಿ ಬೈಕ್ ಓಡಿಸುತ್ತಿದ್ದೇನೆ. ಈಗ ದೊಡ್ಡ ಅಡ್ವೆಂಚರ್ ಟೂರಿಂಗ್ ಬೈಕ್ ಕೊಳ್ಳುವ ಮನಸ್ಸಾಗಿದೆ. ಬಿಎಂಡಬ್ಲ್ಯು ಜಿಎಸ್, ಹೋಂಡಾ ಆಫ್ರಿಕಾ ಟ್ವಿನ್, ಡುಕಾಟಿ ಮಲ್ಟಿಸ್ಟ್ರಾಡಾ ವಿ4, ಟ್ರಯಂಫ್ ಟೈಗರ್ 1200, ಈ ನಾಲ್ಕನ್ನು ನೋಡಿ ನೋಡಿ ತಲೆ ಕೆಟ್ಟಿದೆ. ನನ್ನ ಎತ್ತರ 168 ಸೆಂ.ಮೀ. ಓಡಾಟ ಹೆಚ್ಚಾಗಿ ಹೆದ್ದಾರಿಯಲ್ಲಿ. ಬಹಳ ಸಲ ಹೆಂಡತಿಯೂ ಹಿಂದೆ ಕೂರುತ್ತಾರೆ. ವರ್ಷಕ್ಕೆ ಒಂದೆರಡು ಸಲ ಜಲ್ಲಿ, ಮಣ್ಣಿನ ದಾರಿ. ಯಾವುದನ್ನು ಕೊಳ್ಳಲಿ? ಕೊಂಡ ಮೇಲೆ ಸಾಕೋದು ಕಷ್ಟವಾ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎಷ್ಟು ಎಚ್‌ಪಿ ಅನ್ನುವ ಮಾತೇ ಇಲ್ಲ, ಅದು ನನಗೆ ಹಿಡಿಸಿತು. ಎತ್ತರ ಹೇಳಿದ್ದೀರಿ, ಹಿಂದೆ ಯಾರು ಕೂರುತ್ತಾರೆ ಅಂತ ಹೇಳಿದ್ದೀರಿ, ಎಂಥ ದಾರಿ ಅಂತ ಹೇಳಿದ್ದೀರಿ. ಈ ಗಾಡಿಗಳನ್ನು ಹೋಲಿಸಲು ಬೇಕಾಗಿರುವುದು ಇಷ್ಟೇ.

ಶಕ್ತಿಯ ಮಾತನ್ನು ಮೊದಲೇ ಮುಗಿಸಿಬಿಡೋಣ. ಆಫ್ರಿಕಾ ಟ್ವಿನ್‌ನ 1084 ಸಿಸಿ ಎಂಜಿನ್ ಸುಮಾರು 100 ಎಚ್‌ಪಿ ಕೊಡುತ್ತದೆ. ಬಿಎಂಡಬ್ಲ್ಯುವಿನ ಆರ್ 1250 ಜಿಎಸ್ 136, ಅದರ ನಂತರ ಬಂದ ಆರ್ 1300 ಜಿಎಸ್ 145, ಟೈಗರ್ 1200 ಸುಮಾರು 150, ಮಲ್ಟಿಸ್ಟ್ರಾಡಾ ವಿ4 ಬರೋಬ್ಬರಿ 170. ಕಾಗದದ ಮೇಲೆ ಅಂತರ ದೊಡ್ಡದೇ. ಆದರೆ ಇಬ್ಬರು ಕೂತು, ಸಾಮಾನು ಹೇರಿಕೊಂಡು 110 ಕಿ.ಮೀ. ವೇಗದಲ್ಲಿ ಹೋಗುವಾಗ ಇವುಗಳಲ್ಲಿ ಯಾವುದಕ್ಕೂ ಏದುಸಿರು ಬರುವುದಿಲ್ಲ. 400 ಸಿಸಿಯಿಂದ ಬರುವ ನಿಮಗಂತೂ ಎಲ್ಲವೂ ಜಾಸ್ತಿಯೇ. ಗಾಡಿಗಳ ನಿಜವಾದ ವ್ಯತ್ಯಾಸ ಗೊತ್ತಾಗುವುದು ನಡೆದು ಹೋಗುವಷ್ಟು ನಿಧಾನದಲ್ಲಿ. ಇಕ್ಕಟ್ಟಿನ ಜಾಗದಲ್ಲಿ ಯು-ಟರ್ನ್ ತೆಗೆಯುವಾಗ, ಇಳಿಜಾರಿನಲ್ಲಿ ಮುಂದಕ್ಕೆ ಮೂತಿ ಮಾಡಿ ನಿಲ್ಲಿಸಿದ ಗಾಡಿಯನ್ನು ಹಿಂದಕ್ಕೆ ಎಳೆಯುವಾಗ, ಜಾರುವ ಜಲ್ಲಿಯ ಮೇಲೆ ಒಂದೇ ಕಾಲೂರಿ ನಿಲ್ಲುವಾಗ. ಅದಕ್ಕೇ ನಾನು ತೂಕದಿಂದ ಶುರು ಮಾಡುತ್ತೇನೆ.

ಪೆಟ್ರೋಲು ತುಂಬಿಸಿದ ಆರ್ 1250 ಜಿಎಸ್ 249 ಕೆ.ಜಿ. ತೂಗುತ್ತದೆ. 2023ರಲ್ಲಿ ಬಂದ ಆರ್ 1300 ಜಿಎಸ್ 12 ಕೆ.ಜಿ. ಇಳಿದು 237ಕ್ಕೆ ಬಂತು. ಆಫ್ರಿಕಾ ಟ್ವಿನ್‌ನ ಮಾಮೂಲಿ ಮಾದರಿ 230ರ ಆಸುಪಾಸಿನಲ್ಲಿದೆ, ಕ್ಲಚ್ ಲಿವರ್ ಇಲ್ಲದ, ತಾನಾಗಿ ಗೇರ್ ಬದಲಿಸುವ ಡಿಸಿಟಿ ಗೇರ್‌ಬಾಕ್ಸ್ ಬೇಕೆಂದರೆ 10 ಕೆ.ಜಿ. ಸೇರಿಸಿಕೊಳ್ಳಿ. ಮಲ್ಟಿಸ್ಟ್ರಾಡಾ 240ರ ಆಸುಪಾಸು. ಟೈಗರ್ 1200 ಯಾವ ಮಾದರಿ ಅನ್ನುವುದರ ಮೇಲೆ 240ರಿಂದ 260ರವರೆಗೆ. ಇದೆಲ್ಲ ಬರಿಗಾಡಿಯ ತೂಕ. ಕ್ರ್ಯಾಶ್ ಗಾರ್ಡ್, ಪ್ಯಾನಿಯರ್ (ಎರಡೂ ಬದಿಯ ಪೆಟ್ಟಿಗೆ), ಟಾಪ್ ಬಾಕ್ಸ್ ಹಾಕಿಸಿದ ಮೇಲೆ 270 ದಾಟುವುದು ಮಾಮೂಲು.

ತೂಕ ಎಷ್ಟು ಅನ್ನುವುದಕ್ಕಿಂತ ಎಲ್ಲಿದೆ ಅನ್ನುವುದು ಮುಖ್ಯ. ಬಿಎಂಡಬ್ಲ್ಯುವಿನ ಬಾಕ್ಸರ್ ಎಂಜಿನ್‌ನಲ್ಲಿ ಸಿಲಿಂಡರ್‌ಗಳು ಎಡಕ್ಕೊಂದು ಬಲಕ್ಕೊಂದು ಮಲಗಿರುತ್ತವೆ, ಭಾರವೆಲ್ಲ ಕೆಳಗೇ ಉಳಿಯುತ್ತದೆ. ಜಿಎಸ್ ನಿಂತಾಗ ಭಯ ಹುಟ್ಟಿಸಿ, ಚಕ್ರ ಎರಡು ಸುತ್ತು ಉರುಳಿದ ಕೂಡಲೇ ಹಗುರಾಗಿಬಿಡುವುದು ಇದರಿಂದಲೇ. ಇದಕ್ಕೆ ಉಲ್ಟಾ, ದೊಡ್ಡ ಟ್ಯಾಂಕಿನ ಮಾದರಿಗಳು. ಜಿಎಸ್ ಅಡ್ವೆಂಚರ್‌ನ ಟ್ಯಾಂಕು 30 ಲೀಟರಿನದು. ತುಂಬಿಸಿದರೆ ಪೆಟ್ರೋಲೇ ಸುಮಾರು 22 ಕೆ.ಜಿ., ಅದೂ ಗಾಡಿಯ ನೆತ್ತಿಯ ಮೇಲೆ. ಒಮ್ಮೆ ತುಂಬಿಸಿದರೆ 600 ಕಿ.ಮೀ. ಹೋಗಬಹುದು ನಿಜ, ಆದರೆ ಅಷ್ಟು ದೂರ ಇಳಿಯದೆ ಕೂರುವ ಬೆನ್ನು ಯಾರಿಗಿದೆ? ಬಂಕುಗಳೇ ಸಿಗದ ಸೀಮೆಗೆ ಹೋಗುವವರಿಗೆ ಅದು ಬೇಕು. ನಿಮಗೆ ಬೇಡ.

ಇನ್ನು ಎತ್ತರದ ಪ್ರಶ್ನೆ. ಜಿಎಸ್‌ನ ಸೀಟು 850 ಮಿ.ಮೀ., ಆಫ್ರಿಕಾ ಟ್ವಿನ್‌ದು 850 ಅಥವಾ 870ಕ್ಕೆ ಹೊಂದಿಸಬಹುದು, ಮಲ್ಟಿಸ್ಟ್ರಾಡಾ 840 ಅಥವಾ 860. ನಿಮ್ಮ ಎತ್ತರಕ್ಕೆ ಇವುಗಳಲ್ಲಿ ಯಾವುದರ ಮೇಲೆ ಕೂತರೂ ಎರಡೂ ಪಾದ ಪೂರ್ತಿ ನೆಲಕ್ಕೆ ಸಿಗುವುದಿಲ್ಲ. ಇದನ್ನು ಈಗಲೇ ಒಪ್ಪಿಕೊಂಡರೆ ಮುಂದಿನ ದಾರಿ ಸಲೀಸು. ಅಂಕಿಗಿಂತ ಸೀಟಿನ ಅಗಲ ಜಾಸ್ತಿ ತೊಂದರೆ ಕೊಡುತ್ತದೆ. ಮುಂದಿನ ಭಾಗ ಸಪೂರ ಇರುವ ಆಫ್ರಿಕಾ ಟ್ವಿನ್‌ನಲ್ಲಿ ಕಾಲು ನೇರ ಕೆಳಗಿಳಿಯುತ್ತದೆ. ಅಗಲ ಸೀಟಿನಲ್ಲಿ ತೊಡೆ ಬಿರಿದು, ಅಷ್ಟೇ ಎತ್ತರದಲ್ಲೂ ತುದಿಗಾಲೇ ಗತಿ.

ಗಿಡ್ಡ ಸವಾರರು ಮಾಡುವ ಉಪಾಯ ಒಂದಿದೆ. ನಿಲ್ಲುವ ಮುಂಚೆಯೇ ಸೊಂಟವನ್ನು ಸೀಟಿನ ಎಡಕ್ಕೆ ಸರಿಸಿ, ಎಡಗಾಲನ್ನು ಪೂರ್ತಿ ಊರಿ, ಬಲಗಾಲನ್ನು ಹಿಂದಿನ ಬ್ರೇಕಿನ ಮೇಲೇ ಇಟ್ಟುಕೊಳ್ಳುವುದು. ಒಂದು ಕಾಲು ಗಟ್ಟಿಯಾಗಿ ಊರಿದರೆ ಸಾಕು, ಎರಡು ಬೇಕಿಲ್ಲ. ಕೊಂಡ ವಾರವೇ ಗಾಡಿಯನ್ನೇ ತಗ್ಗಿಸುವ ಲೋವರಿಂಗ್ ಕಿಟ್ ಹಾಕಿಸಬೇಡಿ. ಅದರಿಂದ ಗ್ರೌಂಡ್ ಕ್ಲಿಯರೆನ್ಸ್ ಹೋಗುತ್ತದೆ. ಸೈಡ್ ಸ್ಟ್ಯಾಂಡ್ ಉದ್ದವಾಗಿ, ನಿಲ್ಲಿಸಿದ ಗಾಡಿ ನೆಟ್ಟಗೆ ನಿಂತು ಆಚೆ ಬದಿಗೆ ಬೀಳಲು ಕಾಯುತ್ತಿರುತ್ತದೆ. ಮೊದಲು ಕಂಪನಿಯದೇ ತಗ್ಗು ಸೀಟು, ಆಮೇಲೆ ದಪ್ಪ ಅಟ್ಟೆಯ ಬೂಟು, ಇದು ಸರಿಯಾದ ಕ್ರಮ. ಈಚಿನ ಗಾಡಿಗಳಲ್ಲಿ ಇದಕ್ಕೆ ಎಲೆಕ್ಟ್ರಾನಿಕ್ ಪರಿಹಾರವೂ ಬಂದಿದೆ. 2021ರ ಹಾರ್ಲೆ-ಡೇವಿಡ್‌ಸನ್ ಪ್ಯಾನ್ ಅಮೆರಿಕಾ, ನಿಲ್ಲುವ ಹೊತ್ತಿಗೆ ತಾನಾಗಿ ತಗ್ಗುವ ಸಸ್ಪೆನ್ಷನ್ ತಂದಿತು. ಆರ್ 1300 ಜಿಎಸ್‌ಗೂ ಅಂಥದ್ದೊಂದು ಆಯ್ಕೆ ಇದೆ, ನಿಂತಾಗ ಗಾಡಿ 30 ಮಿ.ಮೀ. ಇಳಿಯುತ್ತದೆ. 30 ಮಿ.ಮೀ. ಅಂದರೆ ಏನು ಮಹಾ ಅನ್ನಿಸಬಹುದು. ತುದಿಬೆರಳಿಗೂ ಪಾದದ ಉಬ್ಬಿಗೂ ಇರುವ ಅಂತರ ಅಷ್ಟೇ ತಾನೇ.

ಇಷ್ಟೆಲ್ಲ ಮಾಡಿದರೂ ಗಾಡಿ ಒಂದಲ್ಲ ಒಂದು ದಿನ ಬೀಳುತ್ತದೆ. ಓಡುವಾಗ ಅಲ್ಲ, ನಿಂತಲ್ಲೇ. ಆಗ ಹ್ಯಾಂಡಲ್ ಹಿಡಿದು ಎದುರಿನಿಂದ ಎತ್ತಲು ಹೋದರೆ ಸೊಂಟ ಉಳುಕುತ್ತದೆ. ಎಂಜಿನ್ ಆಫ್ ಮಾಡಿ, ಗಾಡಿ ಗೇರಿನಲ್ಲಿರಲಿ. ಬಲಕ್ಕೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡನ್ನು ಮೊದಲೇ ಬಿಚ್ಚಿಡಿ. ಹ್ಯಾಂಡಲನ್ನು ಪೂರ್ತಿ ನೆಲದ ಕಡೆಗೆ ತಿರುಗಿಸಿ. ಗಾಡಿಗೆ ಬೆನ್ನು ಕೊಟ್ಟು, ಸೀಟಿನ ಅಂಚಿಗೆ ಕುಂಡೆ ಒತ್ತಿ ಕುಕ್ಕರಿಸಿ. ಒಂದು ಕೈ ಹ್ಯಾಂಡಲ್ ತುದಿಗೆ, ಇನ್ನೊಂದು ಹಿಂದಿನ ಹಿಡಿಗೆ. ಬೆನ್ನು ನೆಟ್ಟಗಿಟ್ಟು, ಕಾಲಿನ ಬಲದಿಂದ ಪುಟ್ಟ ಪುಟ್ಟ ಹೆಜ್ಜೆಯಲ್ಲಿ ಹಿಂದಕ್ಕೆ ನಡೆಯಿರಿ. 60 ಕೆ.ಜಿ. ತೂಕದವರೂ ಹೀಗೆ ಎತ್ತುತ್ತಾರೆ. ಎಡಕ್ಕೆ ಬಿದ್ದಿದ್ದರೆ ಕೊನೆಯ ಹೆಜ್ಜೆಯಲ್ಲಿ ಹುಷಾರು, ಜೋರಾಗಿ ತಳ್ಳಿದರೆ ಆಚೆ ಬದಿಗೆ ಉರುಳುತ್ತದೆ. ಈ ವಿಷಯದಲ್ಲಿ ಬಾಕ್ಸರ್‌ಗೆ ಒಂದು ಅನುಕೂಲ ಇದೆ. ಸಿಲಿಂಡರ್ ಅಡ್ಡ ಬಂದು ಗಾಡಿ ಪೂರ್ತಿ ಮಲಗುವುದಿಲ್ಲ, ಅರ್ಧ ಕೆಲಸ ಆಗಲೇ ಆಗಿರುತ್ತದೆ. ಕಾಲಲ್ಲಿ ಗಾಡಿ ತಳ್ಳುವಾಗ ಅದೇ ಸಿಲಿಂಡರ್ ಮೊಣಕಾಲ ಕೆಳಗೆ ಬಡಿಯುತ್ತದೆ, ಅದು ಬೇರೆ ಮಾತು.

ಈಗ ಶೋರೂಮಿನಲ್ಲಿ ಯಾರೂ ತಾವಾಗಿ ಹೇಳದ ಒಂದು ಲೆಕ್ಕ. ಪ್ರತಿ ಗಾಡಿಗೂ ಇಷ್ಟೇ ಒಟ್ಟು ತೂಕ ಅನ್ನುವ ಮಿತಿ ಇರುತ್ತದೆ, ಮ್ಯಾನ್ಯುಯಲ್‌ನಲ್ಲೂ ಚಾಸಿಯ ಮೇಲಿನ ಫಲಕದಲ್ಲೂ ನಮೂದಾಗಿರುತ್ತದೆ. ಆರ್ 1250 ಜಿಎಸ್‌ಗೆ ಅದು 465 ಕೆ.ಜಿ. ಗಾಡಿಯ 249 ಕಳೆಯಿರಿ, ಹೇರಲು ಉಳಿಯುವುದು 216. ನೀವು 78, ನಿಮ್ಮವರು 62 ಅಂದುಕೊಳ್ಳಿ. ಇಬ್ಬರ ಹೆಲ್ಮೆಟ್, ಜಾಕೆಟ್, ಬೂಟು ಎಲ್ಲ ಸೇರಿ 17. ಉಳಿದದ್ದು 59. ಅಲ್ಯೂಮಿನಿಯಂ ಪ್ಯಾನಿಯರ್ ಎರಡು, ಟಾಪ್ ಬಾಕ್ಸ್ ಒಂದು, ಅವನ್ನು ಕೂರಿಸುವ ಫ್ರೇಮು, ಎಲ್ಲ ಖಾಲಿಯಾಗಿಯೇ 17 ಕೆ.ಜಿ. ಸುಲಭವಾಗಿ ತಿನ್ನುತ್ತವೆ. ಗಾರ್ಡ್‌ಗಳು 9. ಬಟ್ಟೆಬರೆ, ಟೂಲ್ಸು, ಪಂಕ್ಚರ್ ಕಿಟ್ಟು, ಕುಡಿಯುವ ನೀರು, ಟೆಂಟು, ಎಲ್ಲಕ್ಕೂ ಸೇರಿ ನಿಮಗೆ ಉಳಿದದ್ದು 33 ಕೆ.ಜಿ.

ಹಾಗಾದರೆ ಇನ್ನೂ ದೊಡ್ಡದಾದ ಜಿಎಸ್ ಅಡ್ವೆಂಚರ್ ಕೊಂಡರಾಯ್ತು ಅಂತೀರಾ? ಅದರ ಮಿತಿ 485, ಗಾಡಿಯ ತೂಕ 268. ವ್ಯತ್ಯಾಸ 217. ದೊಡ್ಡ ಗಾಡಿ ನಿಮಗಾಗಿ ಹೊರುವುದು ಒಂದೇ ಒಂದು ಕೆ.ಜಿ. ಜಾಸ್ತಿ! ನೀವು ನೋಡುತ್ತಿರುವ ನಾಲ್ಕೂ ಗಾಡಿಗಳಿಗೆ ಈ ಕಳೆಯುವ ಲೆಕ್ಕ ಮಾಡಿ ನೋಡಿ. ಜೋಡಿಯಾಗಿ ಪ್ರವಾಸ ಹೋಗುವವರಿಗೆ ಎಚ್‌ಪಿಗಿಂತ ಈ ಅಂಕಿ ಹತ್ತು ಪಟ್ಟು ಮುಖ್ಯ.

ಹೇರುವ ಜಾಗವೂ ನೋಡಬೇಕು. ಟಾಪ್ ಬಾಕ್ಸ್ ಇರುವುದು ಹಿಂದಿನ ಆಕ್ಸಲ್‌ಗಿಂತಲೂ ಹಿಂದೆ, ಮೇಲೆ. ತುಂಬಿದ ಬಿಂದಿಗೆಯನ್ನು ಸೊಂಟಕ್ಕೆ ಆನಿಸಿಕೊಳ್ಳುವುದಕ್ಕೂ ತೋಳು ಚಾಚಿ ಹಿಡಿಯುವುದಕ್ಕೂ ಇರುವ ವ್ಯತ್ಯಾಸ ಅದು. ಅಲ್ಲಿ ಭಾರ ಹೆಚ್ಚಾದರೆ ಮುಂದಿನ ಚಕ್ರ ಹಗುರಾಗಿ, ವೇಗದಲ್ಲಿ ಹ್ಯಾಂಡಲ್ ತೊನೆಯಲು ಶುರುವಾಗುತ್ತದೆ. ಅದರಲ್ಲಿ ಮಳೆಕೋಟು, ಕೈಗವಸು ಇಡಿ. ಟೂಲ್ಸು, ನೀರು ಪ್ಯಾನಿಯರ್‌ಗಳ ತಳದಲ್ಲಿರಲಿ, ಎರಡೂ ಬದಿ ಸಮತೂಕ ಇರಲಿ.

ಹಿಂದೆ ಜನ ಕೂತ ಮೇಲೆ ಸಸ್ಪೆನ್ಷನ್ ಹೊಂದಿಸದೆ ಹೊರಡುವವರೇ ಜಾಸ್ತಿ. ಹಿಂದಿನ ಶಾಕ್ ಅಬ್ಸಾರ್ಬರ್‌ನ ಪ್ರೀಲೋಡ್, ಅಂದರೆ ಸ್ಪ್ರಿಂಗಿನ ಬಿಗಿ, ಹೆಚ್ಚಿಸದಿದ್ದರೆ ಗಾಡಿಯ ಹಿಂಭಾಗ ಕುಸಿಯುತ್ತದೆ, ಹೆಡ್‌ಲೈಟ್ ಮರದ ತುದಿ ನೋಡುತ್ತದೆ, ತಿರುವಿನಲ್ಲಿ ಗಾಡಿ ಹೊರಕ್ಕೆ ಓಡುತ್ತದೆ. ಇಬ್ಬರೂ ಕೂತು ಸಾಮಾನು ಹೇರಿದಾಗ, ಸಸ್ಪೆನ್ಷನ್ ಮೇಲೆ ಕೆಳಗೆ ಆಡುವ ಒಟ್ಟು ಅಂತರದ (ಟ್ರಾವೆಲ್) ಮೂರನೇ ಒಂದು ಭಾಗದಷ್ಟು ಕೆಳಗಿಳಿದರೆ ಸರಿ. 200 ಮಿ.ಮೀ. ಟ್ರಾವೆಲ್ ಇದ್ದರೆ 60-65 ಮಿ.ಮೀ. ಎಲೆಕ್ಟ್ರಾನಿಕ್ ಸಸ್ಪೆನ್ಷನ್ ಇದನ್ನು ಒಂದು ಬಟನ್ನಿನಲ್ಲಿ ಮುಗಿಸುತ್ತದೆ. ದುಬಾರಿ ಆಯ್ಕೆಗಳ ಪಟ್ಟಿಯಲ್ಲಿ ಜೋಡಿ ಸವಾರರು ಕಣ್ಣು ಮುಚ್ಚಿ ಹಣ ಹಾಕಬಹುದಾದದ್ದು ಅದೊಂದೇ. ಟೈರಿನ ಗಾಳಿಯನ್ನೂ ಮರೆಯಬೇಡಿ, ಭಾರ ಹೇರಿದ ಜಿಎಸ್‌ಗೆ ಮುಂದೆ 36, ಹಿಂದೆ 42 ಪಿಎಸ್‌ಐ.

ಚಕ್ರದ ವಿಷಯಕ್ಕೆ ಬರೋಣ. ಮಾಮೂಲಿ ಆಫ್ರಿಕಾ ಟ್ವಿನ್‌ಗೂ ಟೈಗರ್ 1200ರ ರ್‍ಯಾಲಿ ಮಾದರಿಗೂ ಮುಂದಿನ ಚಕ್ರ 21 ಇಂಚು. ಜಿಎಸ್, ಮಲ್ಟಿಸ್ಟ್ರಾಡಾ, ಟೈಗರ್ ಜಿಟಿಗೆ 19. ದೊಡ್ಡ ಸಪೂರ ಚಕ್ರ ಕಲ್ಲು, ಹಳ್ಳಗಳ ಮೇಲೆ ಸಲೀಸಾಗಿ ಹತ್ತಿಳಿಯುತ್ತದೆ, ಮರಳಿನಲ್ಲಿ ದಾರಿ ಹಿಡಿಯುತ್ತದೆ. ಡಾಂಬರಿನ ತಿರುವಿನಲ್ಲಿ ಮಾತ್ರ ಸೋಮಾರಿ. ಹೋಂಡಾ ಕೂಡ ಇದನ್ನು ಒಪ್ಪಿಕೊಂಡ ಹಾಗಿದೆ. 2024ರಲ್ಲಿ ಪ್ರವಾಸಕ್ಕೆಂದೇ ಮಾಡಿದ ಆಫ್ರಿಕಾ ಟ್ವಿನ್ ಅಡ್ವೆಂಚರ್ ಸ್ಪೋರ್ಟ್ಸ್‌ಗೆ 19 ಇಂಚಿನ ಚಕ್ರ ಕೊಟ್ಟಿತು. ನಿಮ್ಮ ಓಡಾಟಕ್ಕೆ 19 ಸರಿ, ಅದರಲ್ಲಿ ಅನುಮಾನವೇ ಬೇಡ. ಸ್ಪೋಕ್ ಚಕ್ರ ಬೇಕೆಂದರೆ ಅದು ಟ್ಯೂಬ್‌ಲೆಸ್ ಹೌದಾ ಅಂತ ಕೇಳಿ. ಟ್ಯೂಬ್ ಇರುವ ಚಕ್ರ ಪಂಕ್ಚರ್ ಆದರೆ ಚಕ್ರ ಬಿಚ್ಚಬೇಕು, ಟೈರು ರಿಮ್ಮಿನಿಂದ ಎಬ್ಬಿಸಬೇಕು. ಟ್ಯೂಬ್‌ಲೆಸ್‌ಗಾದರೆ ಚಕ್ರ ಗಾಡಿಯಲ್ಲೇ ಇರಲಿ, ಪ್ಲಗ್ ತುರುಕಿ ಗಾಳಿ ಹೊಡೆದರೆ ಹದಿನೈದು ನಿಮಿಷದ ಕೆಲಸ.

ಫೋಟೋಗಳಲ್ಲಿ ಚೆಂದ ಕಾಣುತ್ತದೆ ಅಂತ ಗುಬ್ಬಗುಬ್ಬದ ಟೈರು ಹಾಕಿಸುವವರಿದ್ದಾರೆ. ಒದ್ದೆ ಡಾಂಬರಿನಲ್ಲಿ ಹಿಡಿತ ಕಡಿಮೆ, ಸದ್ದು ಜಾಸ್ತಿ, ಸವೆತವಂತೂ ಇನ್ನೂ ಜಾಸ್ತಿ. ವರ್ಷಕ್ಕೆ ಒಂದೆರಡು ಸಲದ ಜಲ್ಲಿ ದಾರಿಗೆ ಕಂಪನಿ ಹಾಕಿಕೊಟ್ಟ ಟೈರೇ ಸಾಕು. ಕೆಸರಿಗೆ ಸಾಲುವುದಿಲ್ಲ, ಆದರೆ ಇಬ್ಬರನ್ನು ಹೊತ್ತ ಕಾಲು ಟನ್ ಗಾಡಿಯನ್ನು ಕೆಸರಿಗೆ ಇಳಿಸುವುದೇ ಬೇಡ, ಅಲ್ವಾ?

ಈ ಗಾಡಿಗಳು ಮರುಭೂಮಿಯ ರೇಸಿನಿಂದ ಬಂದವು ಅನ್ನುವುದು ಸುಳ್ಳಲ್ಲ. 1980ರಲ್ಲಿ ಬಂದ ಬಿಎಂಡಬ್ಲ್ಯು ಆರ್ 80 ಜಿ/ಎಸ್ ಈ ವರ್ಗಕ್ಕೆ ದಾರಿ ಹಾಕಿತು. ಮರುವರ್ಷವೇ ಯುಬೇರ್ ಓರಿಯೋಲ್ ಬಿಎಂಡಬ್ಲ್ಯು ಏರಿ ಪ್ಯಾರಿಸ್-ಡಕಾರ್ ಮರುಭೂಮಿ ರೇಸು ಗೆದ್ದರು. ಹೋಂಡಾದ ಎನ್‌ಎಕ್ಸ್‌ಆರ್ 750, 1986ರಿಂದ 1989ರವರೆಗೆ ಸತತ ನಾಲ್ಕು ಸಲ ಗೆದ್ದಿತು, ಅದರ ನೆರಳಿನಲ್ಲೇ 1988ರಲ್ಲಿ ಮೊದಲ ಆಫ್ರಿಕಾ ಟ್ವಿನ್ ಹುಟ್ಟಿತು. ಆ ಆರ್ 80 ಜಿ/ಎಸ್‌ನಲ್ಲಿ ಇದ್ದದ್ದು 50 ಎಚ್‌ಪಿ. ಜನ ಅದರಲ್ಲೇ ಖಂಡಗಳನ್ನು ದಾಟಿದರು.

ಸಾಕೋದು ಕಷ್ಟವಾ ಅಂತ ಕೇಳಿದ್ದೀರಿ. ಇದು ಎಂಜಿನ್‌ಗಿಂತ ಹಿಂದಿನ ಚಕ್ರಕ್ಕೆ ಶಕ್ತಿ ಹೋಗುವ ಬಗೆಯ ಮೇಲೆ ನಿಂತಿದೆ. ಆಫ್ರಿಕಾ ಟ್ವಿನ್‌ಗೂ ಮಲ್ಟಿಸ್ಟ್ರಾಡಾಗೂ ಚೈನು. ಜಿಎಸ್‌ಗೂ ಟೈಗರ್ 1200ಕ್ಕೂ ಶಾಫ್ಟ್, ಅಂದರೆ ಚೈನಿನ ಬದಲು ಶಕ್ತಿ ಸಾಗಿಸುವ ತಿರುಗುವ ದಂಡ. ಚೈನ್ ಅಂದರೆ 500ರಿಂದ 1000 ಕಿ.ಮೀ.ಗೊಮ್ಮೆ ಒರೆಸಿ ಲ್ಯೂಬ್ ಹೊಡೆಯಬೇಕು, ಮಳೆಯಲ್ಲಿ ಓಡಿದರೆ ಅದಕ್ಕೂ ಮುಂಚೆ. ಪ್ರವಾಸದಲ್ಲಿ ಸಂಜೆ ತಂಗುವ ಜಾಗ ತಲುಪಿದ ಮೇಲೆ ಎಲ್ಲರೂ ಕಾಲು ಚಾಚಿ ಕೂತಿರುವಾಗ ನೀವು ಕೈ ಕಪ್ಪು ಮಾಡಿಕೊಂಡು ಕೂರುತ್ತೀರಿ. ಅದೂ ಸೆಂಟರ್ ಸ್ಟ್ಯಾಂಡ್ ಇಲ್ಲದ ಗಾಡಿಯಾದರೆ ದೊಡ್ಡ ಸರ್ಕಸ್ಸು. ಶಾಫ್ಟ್‌ಗೆ ಈ ಕಾಟ ಇಲ್ಲ, ಸರ್ವಿಸಿನಲ್ಲಿ ಫೈನಲ್ ಡ್ರೈವ್‌ನ ಆಯಿಲ್ ಬದಲಿಸಿದರೆ ಆಯಿತು. ಆದರೆ ಚೈನ್ ಕೆಟ್ಟರೆ ಎಂಥ ಗ್ಯಾರೇಜಿನಲ್ಲೂ ಬದಲಿಸಬಹುದು. ಶಾಫ್ಟ್ ಕೆಟ್ಟರೆ ಗಾಡಿ ಟ್ರಕ್ ಏರಬೇಕು, ಖರ್ಚೂ ದೊಡ್ಡದು. ಹೆದ್ದಾರಿಯಲ್ಲಿ ಜಾಸ್ತಿ ಓಡುವ ನಿಮಗೆ ನಾನು ಶಾಫ್ಟ್ ಕಡೆಗೇ ವಾಲುತ್ತೇನೆ.

ಸರ್ವಿಸ್ ಅಂತರದಲ್ಲೂ ಒಂದು ಮರ್ಮ ಇದೆ. ಮಲ್ಟಿಸ್ಟ್ರಾಡಾ ವಿ4ಗೆ ವಾಲ್ವ್ ಕ್ಲಿಯರೆನ್ಸ್ (ಎಂಜಿನ್ ವಾಲ್ವ್‌ಗಳ ಸಂದಿನ ಅಳತೆ) ನೋಡಬೇಕಾದದ್ದು 60,000 ಕಿ.ಮೀ.ಗೊಮ್ಮೆ. ಆರ್ 1250 ಜಿಎಸ್‌ಗೆ 20,000ಕ್ಕೊಮ್ಮೆ. ಡುಕಾಟಿಯೇ ಗೆದ್ದಿತು ಅನ್ನಿಸುತ್ತದೆ. ಆದರೆ ಬಾಕ್ಸರ್‌ನ ಸಿಲಿಂಡರ್ ಹೆಡ್‌ಗಳು ಹೊರಗೇ ಚಾಚಿಕೊಂಡಿವೆ, ಕವರ್ ಬಿಚ್ಚಿದರೆ ವಾಲ್ವ್ ಕೈಗೇ ಸಿಗುತ್ತದೆ. ವಿ4ರಲ್ಲಿ ಅಲ್ಲಿಗೆ ತಲುಪಲು ಅರ್ಧ ಗಾಡಿ ಬಿಚ್ಚಬೇಕು, ಬಿಲ್ಲೂ ಹಾಗೆಯೇ ಬರುತ್ತದೆ. ಹಳೆಯ ಗಾಡಿ ಕೊಳ್ಳುವವರು 50,000 ದಾಟಿದ ವಿ4 ಅಗ್ಗಕ್ಕೆ ಸಿಕ್ಕಿತು ಅಂತ ಹಿಗ್ಗುವ ಮುಂಚೆ ಇದನ್ನು ಯೋಚಿಸಬೇಕು. ಇನ್ನು ಪೆಟ್ರೋಲು. ಜಿಎಸ್ ಮತ್ತು ಆಫ್ರಿಕಾ ಟ್ವಿನ್ ಲೀಟರಿಗೆ 20 ಕಿ.ಮೀ. ಸುತ್ತಮುತ್ತ ಕೊಡುತ್ತವೆ. ವಿ4 ಕೊಡುವುದು 15ರ ಹತ್ತಿರ. 22 ಲೀಟರಿನ ಟ್ಯಾಂಕಿದ್ದೂ ಬಂಕಿಗೆ ಮೊದಲು ಓಡುವುದು ಅದೇ. ಎಂಜಿನ್ ಮಾತ್ರ ಅದ್ಭುತ, ಅದನ್ನು ಹೇಳದಿದ್ದರೆ ಅನ್ಯಾಯ. ನಿಂತಾಗ ತೊಡೆಗೆ ಬಿಸಿ ತಾಗದಿರಲಿ ಅಂತ ಹಿಂದಿನ ಎರಡು ಸಿಲಿಂಡರ್‌ಗಳನ್ನು ಆಫ್ ಮಾಡುವ ಜಾಣತನವೂ ಅದರಲ್ಲಿದೆ.

ಎಲೆಕ್ಟ್ರಾನಿಕ್ಸ್ ಬಗ್ಗೆ ಎರಡೇ ಮಾತು. ತಿರುವಿನಲ್ಲಿ ಕೆಲಸ ಮಾಡುವ ಕಾರ್ನರಿಂಗ್ ಎಬಿಎಸ್ ಮತ್ತು ಕ್ರೂಸ್ ಕಂಟ್ರೋಲ್ ಇರಲಿ. ರಾಡಾರ್, ದೊಡ್ಡ ಪರದೆ, ಹತ್ತು ರೈಡಿಂಗ್ ಮೋಡ್ ಇವೆಲ್ಲ ಮೊದಲ ತಿಂಗಳ ಆಟ.

ಹಾಗಾದರೆ ಯಾವುದು? ನಿಮ್ಮ ಜಾಗದಲ್ಲಿ ನಾನಿದ್ದರೆ, ತಗ್ಗು ಸೀಟಿನ ಮಾಮೂಲಿ ಜಿಎಸ್ ತೆಗೆದುಕೊಳ್ಳುತ್ತಿದ್ದೆ, ಅಡ್ವೆಂಚರ್ ಮಾದರಿ ಅಲ್ಲ. ಕಡಿಮೆ ವೇಗದ ಹಿಡಿತ, ಶಾಫ್ಟ್, ಹಿಂದಿನ ಸೀಟಿನ ಅಗಲ ಮೂರೂ ನಿಮ್ಮ ಓಡಾಟಕ್ಕೆ ಹೊಂದುತ್ತವೆ. ಗೇರು, ಕ್ಲಚ್ಚಿನ ಗೊಡವೆಯೇ ಬೇಡ ಅನ್ನಿಸಿದರೆ ಡಿಸಿಟಿ ಇರುವ ಆಫ್ರಿಕಾ ಟ್ವಿನ್ ಅಡ್ವೆಂಚರ್ ಸ್ಪೋರ್ಟ್ಸ್ ನೋಡಿ. ನಿಧಾನದಲ್ಲಿ ಎಂಜಿನ್ ಬಂದ್ ಬಿದ್ದು ಗಾಡಿ ವಾಲುವ ಅಪಾಯ ಅದರಲ್ಲಿ ಇಲ್ಲವೇ ಇಲ್ಲ. ಟೈಗರ್ ಒಳ್ಳೆಯ ಗಾಡಿ, ನಿಮ್ಮ ಕಾಲಿಗೆ ಸಿಕ್ಕರೆ ಜಿಟಿ ಮಾದರಿ ಮಾತ್ರ. ಮಲ್ಟಿಸ್ಟ್ರಾಡಾ ಬೆಟ್ಟದ ತಿರುವುಗಳಲ್ಲಿ ಒಬ್ಬರೇ ಹಾರುವವರಿಗೆ.

ಇದೂ ನನ್ನ ಅಂದಾಜೇ. ಟೆಸ್ಟ್ ರೈಡಿಗೆ ಹೆಂಡತಿಯನ್ನು ಕರೆದುಕೊಂಡೇ ಹೋಗಿ, ಹಿಂದಿನ ಸೀಟಿನ ತೀರ್ಪು ಅವರದೇ ಆಗಿರಲಿ. ಹತ್ತು ನಿಮಿಷದ ಸುತ್ತು ಬೇಡ, ಒಂದು ಗಂಟೆ ಕೇಳಿ. ಮಂಡಿ ಮಡಚಿ ನೋವು ಬರುವುದು, ಗಾಳಿ ಹೆಲ್ಮೆಟ್ಟನ್ನು ಅಲುಗಿಸುವುದು ಅರ್ಧ ಗಂಟೆಯ ನಂತರವೇ ಗೊತ್ತಾಗುತ್ತದೆ. ಟ್ಯಾಂಕು ತುಂಬಿರಲಿ. ಒಂದು ಯು-ಟರ್ನ್ ತೆಗೆಯಿರಿ, ಎಂಜಿನ್ ಆಫ್ ಮಾಡಿ ಹತ್ತು ಹೆಜ್ಜೆ ಹಿಂದಕ್ಕೆ ತಳ್ಳಿ, ಸೆಂಟರ್ ಸ್ಟ್ಯಾಂಡ್ ಮೇಲೆ ನೀವೇ ಏರಿಸಿ. ಈ ಮೂರರಲ್ಲಿ ಒಂದಕ್ಕೂ ಧೈರ್ಯ ಬರಲಿಲ್ಲವೆಂದರೆ, ಅದೇ ಕಂಪನಿಗಳ 750-900 ಸಿಸಿಯ ತಮ್ಮಂದಿರು ಪಕ್ಕದಲ್ಲೇ ನಿಂತಿರುತ್ತಾರೆ, ಅವುಗಳ ಕೀಲಿ ಕೇಳಿ.